ನೀರು ಯಾರ ಗದ್ದೆಗೆ ಹೋಯಿತು? ಕಚೇರಿಯ ಜಾಲದಲ್ಲೊಂದು ಹುಡುಕಾಟ

ಭಾರತದಲ್ಲಿ ಸಂಜೆ ಏಳೂವರೆಗೆ ಐಪಿಎಲ್ ಪಂದ್ಯದ ಮೊದಲ ಚೆಂಡು ಬೀಳುವಾಗ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಗಿನ ಹತ್ತು ಗಂಟೆ. ವಾಷಿಂಗ್ಟನ್, ರಾಲೀ, ಶಾರ್ಲಟ್, ಅಟ್ಲಾಂಟಾ ನಾಲ್ಕೂ ಒಂದೇ ಕಾಲವಲಯದ ಊರುಗಳು. ಕಚೇರಿಯಲ್ಲಿ ದಿನದ ಮೊದಲ ಸಭೆ ಮುಗಿದು, ಎರಡನೆಯ ಲೋಟ ಕಾಫಿ ಮೇಜಿಗೆ ಬಂದಿರುವ ಹೊತ್ತು. ಪರದೆಯ ಮೂಲೆಯಲ್ಲಿ ಚಿಕ್ಕದಾಗಿ ಪಂದ್ಯವನ್ನು ತೆರೆದಿಟ್ಟುಕೊಳ್ಳುವ ಆಸೆ ಯಾರಿಗೆ ತಾನೆ ಆಗುವುದಿಲ್ಲ? 2011ರ ವಿಶ್ವಕಪ್‌ನಲ್ಲಿ ಭಾರತ ಮತ್ತು ಪಾಕಿಸ್ತಾನಗಳ ಸೆಮಿಫೈನಲ್ ಮೊಹಾಲಿಯಲ್ಲಿ ನಡೆದದ್ದು ಮಾರ್ಚ್ 30ರ ಬುಧವಾರ. ಪಾಕಿಸ್ತಾನದ ಇನಿಂಗ್ಸ್ ಇಲ್ಲಿಯವರ ಕೆಲಸದ ವೇಳೆಯಲ್ಲೇ ಸಾಗಿತು.

ಇದು ನಮ್ಮವರೊಬ್ಬರದೇ ಚಾಳಿ ಎಂದು ತಿಳಿಯಬೇಕಾಗಿಲ್ಲ. ಉತ್ತರ ಕ್ಯಾರೊಲೈನಾದವರಿಗೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ಜೀವ. ಡ್ಯೂಕ್ ಮತ್ತು ಚಾಪೆಲ್ ಹಿಲ್ ವಿಶ್ವವಿದ್ಯಾಲಯಗಳ ಪೈಪೋಟಿ ನಮ್ಮ ಊರುಗಳ ಕಬಡ್ಡಿ ಪೈಪೋಟಿಯಷ್ಟೇ ಬಿಸಿ. ‘ಮಾರ್ಚ್ ಮ್ಯಾಡ್‌ನೆಸ್’ ಎಂದು ಕರೆಯುವ ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತು ಗುರುವಾರ, ಶುಕ್ರವಾರಗಳ ನಡುಹಗಲಿನಲ್ಲೇ ಶುರುವಾಗುತ್ತದೆ. 2006ರಲ್ಲಿ ಸಿಬಿಎಸ್ ವಾಹಿನಿ ಈ ಪಂದ್ಯಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೋರಿಸತೊಡಗಿತು. ನೋಡುತ್ತಿರುವವರ ಬೆನ್ನ ಹಿಂದೆ ಮೇಲಧಿಕಾರಿ ಬಂದು ನಿಂತರೆ ಒತ್ತಲೆಂದು ‘ಬಾಸ್ ಬಟನ್’ ಎಂಬ ಗುಂಡಿಯೂ ಪರದೆಯ ಮೇಲಿತ್ತು. ಒತ್ತಿದೊಡನೆ ಆಟ ಮರೆಯಾಗಿ ಲೆಕ್ಕಪತ್ರದ ಹಾಳೆಯೊಂದು ಮೂಡುತ್ತಿತ್ತು. ಮೇಲಧಿಕಾರಿಯ ಕಣ್ಣಿಗೆ ಅದು ಮಣ್ಣೆರಚಬಹುದಿತ್ತು. ಕಚೇರಿಯ ಜಾಲದ ಲೆಕ್ಕಕ್ಕೆ ಮಣ್ಣೆರಚುವುದು ಅದರಿಂದ ಸಾಧ್ಯವಿರಲಿಲ್ಲ.

ಇಂಥ ಹತ್ತಾರು ಪರದೆಗಳು ಒಮ್ಮೆಗೇ ತೆರೆದುಕೊಂಡಾಗ ಕಚೇರಿಯ ಜಾಲ ಏದುಸಿರು ಬಿಡುತ್ತದೆ. ಕಡತಗಳು ತೆರೆಯುವುದಿಲ್ಲ, ದೂರವಾಣಿಯಲ್ಲಿ ಮಾತು ತುಂಡಾಗುತ್ತದೆ, ಗ್ರಾಹಕರ ಮುಂದೆ ಮುಜುಗರವಾಗುತ್ತದೆ. ಆಗ ಮೇಲಿನಿಂದ ಪ್ರಶ್ನೆಯೊಂದು ಇಳಿದು ಬರುತ್ತದೆ: ಇದಕ್ಕೆ ಕಾರಣ ಯಾರು? ಉತ್ತರ ಹುಡುಕುವ ಕುರ್ಚಿಯಲ್ಲಿ ನಮ್ಮವರು ಅನೇಕರಿದ್ದಾರೆ. ಉತ್ತರದಲ್ಲಿ ತಮ್ಮ ಹೆಸರು ಬಂದೀತೆಂಬ ಅಳುಕಿನಲ್ಲಿ ಇರುವವರೂ ನಮ್ಮವರೇ. ವೀಸಾದ ಮೇಲೆ ಇಲ್ಲಿಗೆ ಬಂದವರ ಮಟ್ಟಿಗೆ ಈ ಪ್ರಶ್ನೆ ಬರಿಯ ತಾಂತ್ರಿಕ ವಿಷಯವಾಗಿ ಉಳಿಯುವುದಿಲ್ಲ.

ನೀರುಗಂಟಿಯ ಕೆಲಸ

ದಕ್ಷಿಣ ಕರ್ನಾಟಕದ ಕೆರೆಯಂಗಳದ ಹಳ್ಳಿಗಳಲ್ಲಿ ಬೆಳೆದವರಿಗೆ ನೀರುಗಂಟಿಯ ಪರಿಚಯವಿರುತ್ತದೆ. ಕೆರೆಯ ತೂಬನ್ನು ತೆರೆದು ಮುಚ್ಚುವವನು, ಸರದಿಯ ಪ್ರಕಾರ ಗದ್ದೆಗದ್ದೆಗೆ ನೀರು ಹಾಯಿಸುವವನು ಅವನು. ಕಾಲುವೆಯ ಕೊನೆಯ ಗದ್ದೆಯವನು ‘ನನಗೆ ನೀರೇ ಬರಲಿಲ್ಲ’ ಎಂದು ದೂರಿದರೆ, ನೀರುಗಂಟಿ ಕಾಲುವೆಯ ಗುಂಟ ಹಿಂದಕ್ಕೆ ನಡೆಯುತ್ತಾನೆ. ಯಾರ ಬದು ಒಡೆದಿದೆ, ಯಾರ ಮಡೆ ಸರದಿಗೆ ಮೊದಲೇ ತೆರೆದಿದೆ, ಎಲ್ಲಿ ಏಡಿ ಬಿಲ ತೋಡಿದೆ ಎಂದು ಕಣ್ಣಾರೆ ಕಂಡ ಮೇಲೆಯೇ ಊರ ಮುಂದೆ ಬಾಯಿ ತೆರೆಯುತ್ತಾನೆ. ಕಚೇರಿಯ ಜಾಲ ನೋಡಿಕೊಳ್ಳುವವನ ಕೆಲಸವೂ ಇದೇ.

ಲೆಕ್ಕ ಸರಳವಾಗಿದೆ. ಒಂದು ಕಚೇರಿಯನ್ನು ಹೊರಜಗತ್ತಿಗೆ ಜೋಡಿಸುವ ಮಾರ್ಗ ಸೆಕೆಂಡಿಗೆ ನೂರು ಮೆಗಾಬಿಟ್ ಸಾಗಿಸಬಲ್ಲುದು ಎಂದಿಟ್ಟುಕೊಳ್ಳಿ. ಸ್ಪಷ್ಟವಾದ ವಿಡಿಯೊ ಒಂದಕ್ಕೆ ಸುಮಾರು ಐದು ಮೆಗಾಬಿಟ್ ಬೇಕು. ಇಪ್ಪತ್ತು ಜನ ಪಂದ್ಯ ತೆರೆದರೆ ಮಾರ್ಗ ತುಂಬಿತು. ದೂರವಾಣಿ ಸಂಭಾಷಣೆಯೊಂದಕ್ಕೆ ಮೆಗಾಬಿಟ್‌ನ ಹತ್ತನೆಯ ಒಂದು ಪಾಲೂ ಬೇಡ. ಆದರೆ ಅದಕ್ಕೆ ಕಾಯುವ ತಾಳ್ಮೆ ಇಲ್ಲ. ಮಾರ್ಗ ತುಂಬಿದಾಗ ಮಾಹಿತಿಯ ಪೊಟ್ಟಣಗಳು ರೌಟರ್‌ನ ಬಾಗಿಲಲ್ಲಿ ಸಾಲುಗಟ್ಟುತ್ತವೆ, ಸಾಲು ಮಿತಿ ಮೀರಿದರೆ ಹೊರಗೆ ಬೀಳುತ್ತವೆ. ಹೀಗೆ ಅತಿ ಕಡಿಮೆ ಬಳಸುವವನ ಮಾತು ಮೊದಲು ಕೆಡುತ್ತದೆ, ಅತಿ ಹೆಚ್ಚು ಬಳಸುವವನ ಆಟ ಸ್ವಲ್ಪ ಮಸುಕಾಗಿಯಾದರೂ ಮುಂದುವರಿಯುತ್ತದೆ. ದೂರು ಕೊಡುವವನು ಒಬ್ಬ, ಕಾರಣನಾದವನು ಇನ್ನೊಬ್ಬ.

ಹೆಜ್ಜೆಯ ಗುರುತು

ಹುಡುಕಾಟದ ಮೊದಲ ಮೆಟ್ಟಿಲು ನಕ್ಷೆ. ಪ್ರತಿ ಐದು ನಿಮಿಷಕ್ಕೊಮ್ಮೆ ರೌಟರ್‌ನ ಎಣಿಕೆಯನ್ನು ಓದಿ ದಿನದ ಏರಿಳಿತವನ್ನು ಗೆರೆಯಾಗಿ ಬಿಡಿಸುವ ಎಂಆರ್‌ಟಿಜಿ ಎಂಬ ಉಪಕರಣವನ್ನು ಟೋಬಿಯಾಸ್ ಓಟಿಕರ್ ಎಂಬ ತಂತ್ರಜ್ಞ 1990ರ ದಶಕದ ಮಧ್ಯಭಾಗದಲ್ಲಿ ರೂಪಿಸಿದ. ಮಾರ್ಗ ಯಾವಾಗ ತುಂಬಿತು ಎಂಬುದನ್ನು ಅದು ಹೇಳುತ್ತದೆ. ಯಾರಿಂದ ಎಂಬುದನ್ನು ಹೇಳುವುದಿಲ್ಲ. ಅದೇ ದಶಕದಲ್ಲಿ ಸಿಸ್ಕೊ ಕಂಪನಿ ತನ್ನ ರೌಟರ್‌ಗಳಲ್ಲಿ ‘ನೆಟ್‌ಫ್ಲೋ’ ಎಂಬ ವ್ಯವಸ್ಥೆಯನ್ನು ಅಳವಡಿಸಿತು. ಯಾವ ವಿಳಾಸ ಯಾವ ವಿಳಾಸದೊಡನೆ, ಯಾವ ಗಳಿಗೆಯಲ್ಲಿ, ಎಷ್ಟು ಮಾತನಾಡಿತು ಎಂಬ ಲೆಕ್ಕ ಅದರಲ್ಲಿ ಸಿಗುತ್ತದೆ. ಏನು ಮಾತನಾಡಿತು ಎಂಬುದು ಅದರಲ್ಲಿಲ್ಲ. ದೂರವಾಣಿ ಬಿಲ್ಲಿನಲ್ಲಿ ಕರೆಗಳ ಪಟ್ಟಿ ಇದ್ದು ಸಂಭಾಷಣೆ ಇಲ್ಲದಿರುವ ಹಾಗೆ. ಆ ಪಟ್ಟಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಹೆಚ್ಚು ನೀರು ಕುಡಿದ ಹತ್ತು ವಿಳಾಸಗಳು ತಲೆಯೆತ್ತಿ ನಿಲ್ಲುತ್ತವೆ.

ವಿಳಾಸ ಸಿಕ್ಕಿತೆಂದರೆ ಮನುಷ್ಯ ಸಿಕ್ಕಿದ ಎಂದಲ್ಲ. ಕಚೇರಿಯಲ್ಲಿ ಯಂತ್ರಗಳಿಗೆ ಐಪಿ ವಿಳಾಸವನ್ನು ಒಂದು ಸರ್ವರ್ ಗೇಣಿಗೆ ಕೊಡುತ್ತದೆ. ಗೇಣಿಯ ಅವಧಿ ತೀರಿದರೆ ಬೆಳಿಗ್ಗೆ ಒಬ್ಬರ ಲ್ಯಾಪ್‌ಟಾಪ್ ಬಳಿ ಇದ್ದ ವಿಳಾಸ ಮಧ್ಯಾಹ್ನ ಇನ್ನೊಬ್ಬರ ಪಾಲಾಗಬಹುದು. ಹಾಗಾಗಿ ಆ ಗಳಿಗೆಯಲ್ಲಿ ವಿಳಾಸ ಯಾವ ಯಂತ್ರದ ಬಳಿ ಇತ್ತು ಎಂದು ಗೇಣಿಯ ದಾಖಲೆಯಲ್ಲಿ ನೋಡಬೇಕು. ಅಲ್ಲಿ ಯಂತ್ರದ ಮ್ಯಾಕ್ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಯಾವ ಸ್ವಿಚ್‌ನ ಎಷ್ಟನೆಯ ಕಿಂಡಿಯಲ್ಲಿ ಕಾಣಿಸಿತು, ಆ ಕಿಂಡಿಯಿಂದ ಹೊರಟ ತಂತಿ ಯಾವ ಗೋಡೆಯ ಯಾವ ಮೇಜಿಗೆ ಹೋಯಿತು ಎಂದು ಒಂದೊಂದೇ ಹೆಜ್ಜೆ ಇಡಬೇಕು. ವೈ-ಫೈ ಆಗಿದ್ದರೆ, ಒಳಬರುವಾಗ ಕೊಟ್ಟ ಬಳಕೆದಾರನ ಹೆಸರು ನೇರವಾಗಿ ಸಿಗಬಹುದು.

ಈ ಸರಪಳಿಯ ಪ್ರತಿ ಕೊಂಡಿಯೂ ಗಡಿಯಾರವನ್ನು ನಂಬಿದೆ. ರೌಟರ್‌ನ ಗಡಿಯಾರ ಹತ್ತು ನಿಮಿಷ ಹಿಂದಿದ್ದು ಸರ್ವರ್‌ನ ಗಡಿಯಾರ ಸರಿಯಿದ್ದರೆ, ತಪ್ಪು ಯಂತ್ರದ ಮೇಲೆ ಬೆರಳು ಬೀಳುತ್ತದೆ. ಇನ್ನೂ ತೊಡಕುಗಳಿವೆ. ಮೇಜಿನ ಕೆಳಗೆ ಯಾರೋ ಜೋಡಿಸಿದ ಪುಟ್ಟ ರೌಟರ್ ಐದು ಯಂತ್ರಗಳನ್ನು ಒಂದೇ ಯಂತ್ರದಂತೆ ತೋರಿಸಬಲ್ಲುದು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರ ಬಳಿಕ ಮೊಬೈಲ್‌ಗಳು ತಮ್ಮ ನಿಜವಾದ ಮ್ಯಾಕ್ ಸಂಖ್ಯೆಯನ್ನು ಮುಚ್ಚಿಟ್ಟು ಬೇರೆ ಸಂಖ್ಯೆಯನ್ನು ಮುಂದೊಡ್ಡುತ್ತವೆ. ಸಭಾಂಗಣದ ಕಂಪ್ಯೂಟರ್‌ನಲ್ಲಿ ಹಿಂದಿನ ದಿನ ಒಳಬಂದವರ ಹೆಸರೇ ಉಳಿದಿರಬಹುದು. ಜಾಲಕ್ಕೆ ಗೊತ್ತಿರುವುದು ಯಂತ್ರ ಮಾತ್ರ. ಯಂತ್ರದ ಮುಂದೆ ಕುಳಿತವರು ಯಾರು, ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ಅದರ ಅರಿವಿಗೆ ಹೊರಗಿನದು. ಈ ಮಾತು ಎಷ್ಟು ನಿಜವೆಂಬುದಕ್ಕೆ ಇದೇ ಸೀಮೆಯ ಮೂರು ಹಳೆಯ ಪ್ರಕರಣಗಳು ಸಾಕ್ಷಿಯಾಗಿವೆ.

ಮೆಕ್‌ಲೀನ್: ಎಪ್ಪತ್ತೈದು ಸೆಂಟಿನ ಲೆಕ್ಕ

ವಾಷಿಂಗ್ಟನ್ ನಗರದಿಂದ ಪೊಟೊಮ್ಯಾಕ್ ನದಿ ದಾಟಿದರೆ ವರ್ಜೀನಿಯಾದ ಮೆಕ್‌ಲೀನ್ ಸಿಗುತ್ತದೆ. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳಶಾಸ್ತ್ರಜ್ಞನಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟಿನ ವ್ಯತ್ಯಾಸ ಕಂಡಿತು. ಅಷ್ಟು ಚಿಕ್ಕ ಮೊತ್ತವನ್ನೂ ಅವನು ಬಿಡಲಿಲ್ಲ. ಒಳನುಗ್ಗಿದವನು ಬಳಸುತ್ತಿದ್ದುದು ಪ್ರಯೋಗಾಲಯದ ಹಳೆಯ ಬಳಕೆದಾರನೊಬ್ಬನ ಖಾತೆಯನ್ನು. ಆ ಖಾತೆಯ ನಿಜವಾದ ಒಡೆಯ ಆಗ ಇಂಗ್ಲೆಂಡಿನಲ್ಲಿದ್ದ. ಖಾತೆಯ ಹೆಸರನ್ನೇ ನಂಬಿದ್ದರೆ ಏನೂ ಅರಿಯದವನೊಬ್ಬನ ತಲೆಯ ಮೇಲೆ ಅಪವಾದ ಬೀಳುತ್ತಿತ್ತು.

ಸ್ಟೋಲ್ ದೂರವಾಣಿ ಮಾರ್ಗಗಳ ಹಿಂದೆ ಹೋದ. ಜಾಡು ದೇಶದ ಇನ್ನೊಂದು ತುದಿಗೆ, ಮೆಕ್‌ಲೀನ್‌ನಲ್ಲಿದ್ದ ಮೈಟರ್ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆಗೆ ಬಂದು ಮುಟ್ಟಿತು. ಕಳ್ಳ ಅಲ್ಲಿಯವನೇ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಅದು ನಡುವಿನ ತಂಗುದಾಣ ಮಾತ್ರ. ಹೊರಗಿನವನೊಬ್ಬ ಆ ಸಂಸ್ಥೆಯ ಜಾಲದೊಳಗೆ ನುಸುಳಿ, ಅದರ ಮೋಡೆಮ್‌ಗಳಿಂದಲೇ ದೇಶದ ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಕರೆ ಮಾಡುತ್ತಿದ್ದ. ದೂರವಾಣಿ ಬಿಲ್ಲುಗಳನ್ನು ತೆಗೆದು ನೋಡಿದಾಗ ಆ ಕರೆಗಳ ಸಾಲು ಹೊರಬಿತ್ತು. ಜಾಡು ಕೊನೆಗೆ ತಲುಪಿದ್ದು ಜರ್ಮನಿಯ ಹ್ಯಾನೋವರ್ ನಗರದ ಮಾರ್ಕುಸ್ ಹೆಸ್ ಎಂಬವನನ್ನು. ಅಮೆರಿಕದ ಸೇನಾ ಮಾಹಿತಿಯನ್ನು ಸೋವಿಯತ್ ಗುಪ್ತಚರರಿಗೆ ಮಾರಿದ ಆರೋಪದಲ್ಲಿ ಅವನಿಗೂ ಅವನ ಜೊತೆಗಾರರಿಗೂ 1990ರಲ್ಲಿ ಅಲ್ಲಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. ಬರ್ಕ್ಲಿಯ ಖಾತೆ, ಇಂಗ್ಲೆಂಡಿನ ಒಡೆಯ, ವರ್ಜೀನಿಯಾದ ಮೋಡೆಮ್, ಜರ್ಮನಿಯ ಕೈ. ನಾಲ್ಕರಲ್ಲಿ ಯಾವುದನ್ನಾದರೂ ‘ಇದೇ ಉತ್ತರ’ ಎಂದು ಅವಸರದಿಂದ ಬರೆದುಬಿಡಬಹುದಿತ್ತು.

ಶಾರ್ಲಟ್: ಕೈಯೇ ಇಲ್ಲದ ಪ್ರವಾಹ

ಎರಡನೆಯದು 2003ರ ಜನವರಿ 25, ಶನಿವಾರ. ಪೂರ್ವ ಕರಾವಳಿಯಲ್ಲಿ ನಡುರಾತ್ರಿ ಕಳೆದು ಅರ್ಧ ಗಂಟೆಯಾಗಿತ್ತು. ‘ಸ್ಲ್ಯಾಮರ್’ ಎಂಬ ಹುಳು ಅಂತರ್ಜಾಲಕ್ಕೆ ಬಿದ್ದಿತು. ಅದರ ಗಾತ್ರ 376 ಬೈಟ್. ಈ ಲೇಖನದ ಒಂದು ಕಂಡಿಕೆಗಿಂತ ಚಿಕ್ಕದು. ಮೊದಲ ನಿಮಿಷದಲ್ಲಿ ಅದು ಎಂಟೂವರೆ ಸೆಕೆಂಡಿಗೊಮ್ಮೆ ದುಪ್ಪಟ್ಟಾಯಿತು, ಹತ್ತು ನಿಮಿಷದೊಳಗೆ ಸಿಕ್ಕಬಹುದಾದ ಯಂತ್ರಗಳಲ್ಲಿ ಹತ್ತರಲ್ಲಿ ಒಂಬತ್ತನ್ನು ಹಿಡಿಯಿತು. ಕನಿಷ್ಠ 75,000 ಯಂತ್ರಗಳು ಸೋಂಕಿಗೆ ಒಳಗಾದವೆಂದು ಸಂಶೋಧಕರು ಲೆಕ್ಕ ಹಾಕಿದರು. ಶಾರ್ಲಟ್ ನಗರದಲ್ಲಿ ಕೇಂದ್ರ ಕಚೇರಿ ಇರುವ ಬ್ಯಾಂಕ್ ಆಫ್ ಅಮೆರಿಕದ ಸುಮಾರು 13,000 ಎಟಿಎಂಗಳಲ್ಲಿ ಬಹುಪಾಲು ಆ ದಿನ ಗ್ರಾಹಕರಿಗೆ ಹಣ ಕೊಡಲಾರದೆ ನಿಂತವು.

ಆ ಹುಳು ಯಾವ ಕಡತವನ್ನೂ ಅಳಿಸಲಿಲ್ಲ, ಯಾವ ಗುಟ್ಟನ್ನೂ ಕದಿಯಲಿಲ್ಲ. ತನ್ನ ಪ್ರತಿಗಳನ್ನು ಕಂಡ ಕಂಡ ವಿಳಾಸಕ್ಕೆ ಎಸೆಯುತ್ತ ಮಾರ್ಗಗಳನ್ನು ತುಂಬಿಸಿತು, ಅಷ್ಟೆ. ಅದಕ್ಕೆ ಬಾಗಿಲಾದ ದೋಷವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ 2002ರ ಜುಲೈನಲ್ಲೇ ಬಿಡುಗಡೆ ಮಾಡಿತ್ತು. ಅನೇಕ ಕಚೇರಿಗಳಲ್ಲಿ ಅದನ್ನು ಹಾಕಿರಲಿಲ್ಲ. ದೋಷವಿದ್ದ ದತ್ತಾಂಶ ತಂತ್ರಾಂಶ ಬೇರೆ ತಂತ್ರಾಂಶಗಳ ಜೊತೆಯಲ್ಲಿ ಸದ್ದಿಲ್ಲದೆ ಬಂದು ಸಾಮಾನ್ಯ ಮೇಜುಗಳ ಕಂಪ್ಯೂಟರ್‌ಗಳಲ್ಲೂ ಕುಳಿತಿತ್ತು. ಅಲ್ಲಿ ಕುಳಿತು ಕೆಲಸ ಮಾಡುವವರಿಗೆ ಅದರ ಹೆಸರೂ ತಿಳಿದಿರಲಿಲ್ಲ. ಹುಡುಕುತ್ತ ಹೋದವರಿಗೆ ಯಂತ್ರ ಸಿಕ್ಕಿತು, ಮೇಜು ಸಿಕ್ಕಿತು, ಮೇಜಿನ ಮೇಲೆ ಹೆಸರಿನ ಫಲಕವೂ ಸಿಕ್ಕಿತು. ಆ ಹೆಸರಿನವರು ಆ ಹೊತ್ತಿನಲ್ಲಿ ಮನೆಯಲ್ಲಿ ಮಲಗಿದ್ದರು.

ಅಟ್ಲಾಂಟಾ: ಸೆಕೆಂಡಿಗೆ 59 ಸೆಂಟ್

ಮೂರನೆಯದು ನೋವಿನ ಕಥೆ. ಅಟ್ಲಾಂಟಾದ ಪಕ್ಕದ ಡಿಕಾಲ್ಬ್ ತಾಂತ್ರಿಕ ಕಾಲೇಜಿನ ಕಂಪ್ಯೂಟರ್ ನಿರ್ವಾಹಕನೊಬ್ಬ 1999ರಲ್ಲಿ ಕಾಲೇಜಿನ ಯಂತ್ರಗಳಲ್ಲಿ ‘ಡಿಸ್ಟ್ರಿಬ್ಯೂಟೆಡ್ ಡಾಟ್ ನೆಟ್’ ಎಂಬ ಸಂಘಟನೆಯ ಪುಟ್ಟ ತಂತ್ರಾಂಶವನ್ನು ಹಾಕಿದ. ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳು ಸುಮ್ಮನಿರುವ ಹೊತ್ತನ್ನು ಒಟ್ಟುಗೂಡಿಸಿ ಗೂಢಲಿಪಿಯ ಒಗಟನ್ನು ಬಿಡಿಸುವ ಸ್ವಯಂಸೇವೆ ಅದು. ಯಂತ್ರ ಲೆಕ್ಕ ಮಾಡುವುದೇ ಅದರಲ್ಲಿ ಹೆಚ್ಚು. ಜಾಲದ ಮೇಲೆ ಸಾಗುವುದು ಆಗೊಮ್ಮೆ ಈಗೊಮ್ಮೆ ಚಿಟಿಕೆಯಷ್ಟು ಮಾಹಿತಿ. ಅನುಮತಿ ಪಡೆಯದೆ ಹಾಕಿದ್ದನೆಂಬುದು ಆರೋಪ.

ಜಾರ್ಜಿಯಾ ರಾಜ್ಯ ಅವನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿತು. ಜಾಲದ ಬಳಕೆಯ ನಷ್ಟವನ್ನು ಸೆಕೆಂಡಿಗೆ 59 ಸೆಂಟ್ ಎಂದು ಲೆಕ್ಕ ಕಟ್ಟಿ, ಒಟ್ಟು 4,15,000 ಡಾಲರ್ ಎಂದು ಹೇಳಲಾಯಿತು. ಆ ದರದಲ್ಲಿ ದಿನವೊಂದಕ್ಕೆ ಸುಮಾರು 51,000 ಡಾಲರ್ ಆಗುತ್ತದೆ. ಕಾಲೇಜೊಂದರ ಅಂತರ್ಜಾಲದ ಬಿಲ್ಲು ದಿನಕ್ಕೆ ಅಷ್ಟು ಬರುವುದುಂಟೆ ಎಂದು ತಂತ್ರಜ್ಞರು ಹುಬ್ಬೇರಿಸಿದರು. ಆರೋಪಗಳೆಲ್ಲ ಸಾಬೀತಾದರೆ ಹತ್ತಾರು ವರ್ಷ ಸೆರೆವಾಸದ ಬೆದರಿಕೆ ಇತ್ತು. 2002ರ ಜನವರಿಯಲ್ಲಿ ರಾಜಿಯಾಯಿತು: ಒಂದು ವರ್ಷದ ಪ್ರೊಬೇಷನ್, 2,100 ಡಾಲರ್ ಪರಿಹಾರ, 80 ಗಂಟೆಗಳ ಸಮುದಾಯ ಸೇವೆ. ಅಪರಾಧದ ದಾಖಲೆ ಅವನ ಹೆಸರಿಗೆ ಉಳಿಯಲಿಲ್ಲ. ಪರಿಹಾರದ ಮೊತ್ತ ಮೊದಲು ಹೇಳಿದ ನಷ್ಟದ ಇನ್ನೂರನೆಯ ಒಂದು ಪಾಲಿಗೆ ಇಳಿದಿತ್ತು. ಹೋದ ನೆಮ್ಮದಿಗೆ ಯಾವ ದರದಲ್ಲಿ ಬೆಲೆ ಕಟ್ಟುವುದು?

ಇಲ್ಲಿ ಯಂತ್ರವೂ ಸರಿಯಾಗಿ ಸಿಕ್ಕಿತ್ತು, ಮನುಷ್ಯನೂ ಸರಿಯಾಗಿ ಸಿಕ್ಕಿದ್ದ. ತಪ್ಪಿದ್ದು ಅಳತೆ. ಎಷ್ಟು ನೀರು ಹೋಯಿತು ಎಂಬುದನ್ನು ಅಳೆಯುವ ಮೊದಲು ದಂಡದ ಮೊತ್ತ ಬರೆದರೆ ಹೀಗಾಗುತ್ತದೆ.

ಕಾನೂನು ಕಾಯುವುದೆಷ್ಟು?

ಕಚೇರಿಯ ಕಂಪ್ಯೂಟರ್‌ನಲ್ಲಿ ನಿಯಮ ಮೀರಿ ಏನಾದರೂ ನೋಡಿದರೆ ಅದು ಕೇಂದ್ರ ಸರ್ಕಾರದ ಕಾನೂನಿನಡಿ ಅಪರಾಧವಾಗುವುದೇ ಎಂಬ ಪ್ರಶ್ನೆ ಬಹುಕಾಲ ಇತ್ಯರ್ಥವಾಗದೆ ಉಳಿದಿತ್ತು. ಅದನ್ನು ಬಗೆಹರಿಸಿದ್ದು ಕೂಡ ಜಾರ್ಜಿಯಾದ ಪ್ರಕರಣವೇ. ಅಟ್ಲಾಂಟಾದ ಉತ್ತರದಲ್ಲಿರುವ ಕಮಿಂಗ್ ಪಟ್ಟಣದ ಪೊಲೀಸ್ ಸಾರ್ಜೆಂಟ್ ಒಬ್ಬ ಹಣಕ್ಕಾಗಿ ಇಲಾಖೆಯ ಕಂಪ್ಯೂಟರ್‌ನಲ್ಲಿ ವಾಹನವೊಂದರ ನೋಂದಣಿ ವಿವರವನ್ನು ತೆಗೆದಿದ್ದ. ವ್ಯಾನ್ ಬ್ಯೂರೆನ್ ಪ್ರಕರಣ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2021ರ ಜೂನ್ 3ರಂದು ಆರು-ಮೂರರ ಬಹುಮತದಿಂದ ತೀರ್ಪಿತ್ತಿತು. ತನಗೆ ಪ್ರವೇಶವಿರುವ ಮಾಹಿತಿಯನ್ನು ಸಲ್ಲದ ಉದ್ದೇಶಕ್ಕೆ ಬಳಸಿದ ಮಾತ್ರಕ್ಕೆ ಆ ಕೇಂದ್ರ ಕಂಪ್ಯೂಟರ್ ಕಾನೂನಿನ ಉಲ್ಲಂಘನೆ ಆಗದು ಎಂಬುದು ಅದರ ಸಾರ. ಹಾಗಲ್ಲದಿದ್ದರೆ ಕಚೇರಿಯ ಯಂತ್ರದಲ್ಲಿ ಸ್ವಂತ ಇಮೇಲ್ ಬರೆದವರೂ ಸುದ್ದಿ ಓದಿದವರೂ ಅಪರಾಧಿಗಳಾಗುತ್ತಿದ್ದರು ಎಂದು ನ್ಯಾಯಾಲಯ ಗಮನಿಸಿತು.

ಹಾಗೆಂದು ನಿಟ್ಟುಸಿರು ಬಿಡುವಂತಿಲ್ಲ. ಆ ತೀರ್ಪು ಸೆರೆಮನೆಯ ಮಾತಾಡುತ್ತದೆ, ಕೆಲಸದ ಮಾತಾಡುವುದಿಲ್ಲ. ವರ್ಜೀನಿಯಾ, ಎರಡು ಕ್ಯಾರೊಲೈನಾಗಳು, ಜಾರ್ಜಿಯಾ ಈ ಎಲ್ಲ ರಾಜ್ಯಗಳಲ್ಲೂ ಬೇರೆ ಒಪ್ಪಂದವಿಲ್ಲದಿದ್ದರೆ ಉದ್ಯೋಗದಾತ ಕಾರಣ ಕೊಡದೆಯೂ ನೌಕರನನ್ನು ಬಿಡುಗಡೆ ಮಾಡಬಹುದು. ತಾರತಮ್ಯದಂಥ ನಿಷಿದ್ಧ ಕಾರಣಗಳು ಮಾತ್ರ ಕಾನೂನಿಗೆ ವಿರುದ್ಧ. ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಸಿಗುವ ಅವಕಾಶ ಗರಿಷ್ಠ 60 ದಿನ. 2017ರ ಜನವರಿಯಿಂದ ಜಾರಿಗೆ ಬಂದ ನಿಯಮವಿದು. ಆ ಎರಡು ತಿಂಗಳೊಳಗೆ ಬೇರೊಂದು ಕಂಪನಿ ಅರ್ಜಿ ಸಲ್ಲಿಸಬೇಕು, ಇಲ್ಲವೆ ಬೇರೆ ವೀಸಾಕ್ಕೆ ಬದಲಾಗಬೇಕು, ಅದೂ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಮನೆಯ ಬಾಡಿಗೆ ಒಪ್ಪಂದ, ಮಕ್ಕಳ ಶಾಲೆ, ಕಾರಿನ ಸಾಲ ಎಲ್ಲವೂ ಆ ಅರವತ್ತು ದಿನಗಳ ದಾರಕ್ಕೆ ಕಟ್ಟಿಕೊಂಡಿರುತ್ತವೆ. ಅದಕ್ಕಾಗಿಯೇ ದಟ್ಟಣೆಯ ವರದಿಯಲ್ಲಿ ಬರುವ ಒಂದು ಹೆಸರು ಇಲ್ಲಿ ಅಷ್ಟು ಭಾರ.

ಹುಡುಕುವ ಕುರ್ಚಿಯಲ್ಲಿ ಕುಳಿತವರಿಗೆ

ಏಪ್ರಿಲ್ ತಿಂಗಳ ಬೆಳಗಿನ ಹತ್ತಕ್ಕೆ ಮಾರ್ಗ ತುಂಬಿತೆಂದರೆ, ಕಚೇರಿಯಲ್ಲಿ ಕೆಲವರ ಕಣ್ಣು ಭಾರತೀಯರ ಮೇಜುಗಳತ್ತ ಹೊರಳುವುದು ಸಹಜ. ಗುಮಾನಿಗೆ ಆಧಾರ ಇರಲೂಬಹುದು, ಇಲ್ಲದಿರಲೂಬಹುದು. ಮೈಕ್ರೋಸಾಫ್ಟ್ ತಿಂಗಳ ಎರಡನೆಯ ಮಂಗಳವಾರ, ಪೂರ್ವ ಕರಾವಳಿಯ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ತನ್ನ ತೇಪೆಗಳನ್ನು ಹೊರಬಿಡುತ್ತದೆ. ನೂರಾರು ಕಂಪ್ಯೂಟರ್‌ಗಳು ಒಟ್ಟಿಗೆ ಅವನ್ನು ಎಳೆದುಕೊಳ್ಳಲು ಹೊರಟರೆ ಯಾರ ತಪ್ಪೂ ಇಲ್ಲದೆ ಜಾಲ ಕಟ್ಟಿಕೊಳ್ಳುತ್ತದೆ. ರಾತ್ರಿ ಮುಗಿಯಬೇಕಿದ್ದ ಬ್ಯಾಕಪ್ ಬೆಳಗಿನವರೆಗೆ ಎಳೆದಿರಬಹುದು. ಹಬ್ಬದ ವಿಡಿಯೊಗಳನ್ನು ತುಂಬಿಕೊಂಡ ಮೊಬೈಲ್ ಒಂದು ಕಚೇರಿಯ ವೈ-ಫೈ ಸಿಕ್ಕಿದ ತಕ್ಷಣ, ಒಡೆಯನಿಗೆ ಹೇಳದೆಯೇ, ಅವನ್ನೆಲ್ಲ ಮೋಡಕ್ಕೆ ಏರಿಸಲು ಶುರುಮಾಡಿರಬಹುದು. ಆದ್ದರಿಂದ ಹೆಸರು ಬರೆಯುವ ಮೊದಲು ಸಾಮಾನ್ಯ ದಿನದ ನಕ್ಷೆಯ ಪಕ್ಕದಲ್ಲಿ ಕೆಟ್ಟ ದಿನದ ನಕ್ಷೆಯನ್ನು ಇಟ್ಟು ನೋಡಬೇಕು, ಎಲ್ಲ ಗಡಿಯಾರಗಳನ್ನೂ ತಾಳೆ ಹಾಕಬೇಕು, ಯಂತ್ರದ ಬಳಿಗೆ ನಡೆದುಹೋಗಿ ಅಲ್ಲಿ ಏನು ಓಡುತ್ತಿದೆ ಎಂದು ಕೇಳಬೇಕು.

ವರದಿಯಲ್ಲಿ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಬರೆಯುವುದು ಮುಖ್ಯ. ‘ಇಂಥ ಯಂತ್ರದಿಂದ ಇಷ್ಟು ಗಂಟೆಗೆ ಇಷ್ಟು ದಟ್ಟಣೆ ಹೊರಟಿತು’ ಎಂಬುದು ಕಂಡದ್ದು. ‘ಇಂಥವರು ಪಂದ್ಯ ನೋಡುತ್ತಿದ್ದರು’ ಎಂಬುದು ಅನೇಕ ಸಲ ಊಹೆ. ಹೆಚ್ಚಿನ ತಾಣಗಳು ಈಗ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವುದರಿಂದ, ಕಚೇರಿ ವಿಶೇಷ ತಪಾಸಣೆಯ ವ್ಯವಸ್ಥೆ ಮಾಡಿರದಿದ್ದರೆ, ತಾಣದ ಹೆಸರು ಕಾಣುವುದೇ ಹೊರತು ಒಳಗಿನ ಸರಕು ಕಾಣುವುದಿಲ್ಲ. ಪರಿಹಾರವೂ ಅನೇಕ ಸಲ ದಂಡನೆಯಿಂದ ಬರುವುದಲ್ಲ. ದೂರವಾಣಿಗೆ ಮೊದಲ ಸರದಿ, ವಿಡಿಯೊಗೆ ಕೊನೆಯ ಸರದಿ ಎಂದು ರೌಟರ್‌ಗೆ ಕಲಿಸಬಹುದು. ಮೊಬೈಲ್‌ಗಳಿಗೆ ಬೇರೆ ವೈ-ಫೈ ಕೊಡಬಹುದು. ತೇಪೆಗಳನ್ನು ಒಮ್ಮೆ ತರಿಸಿ ಒಳಗೇ ಹಂಚಬಹುದು. ಒಳ್ಳೆಯ ನೀರುಗಂಟಿ ಜಗಳ ಬಿಡಿಸುವುದಕ್ಕಿಂತ ಹೆಚ್ಚಾಗಿ ಸರದಿಯನ್ನು ಸರಿಪಡಿಸುತ್ತಾನೆ.

ಹೊರಡುವವರಿಗೆ, ಊರಿನಲ್ಲಿರುವವರಿಗೆ

ಈ ಕೆಲಸಕ್ಕೆ ಬರಲು ಇಚ್ಛಿಸುವವರಿಗೆ ಈ ಸೀಮೆಯಲ್ಲಿ ಅವಕಾಶಗಳಿವೆ. ವರ್ಜೀನಿಯಾದ ಆಶ್‌ಬರ್ನ್ ಸುತ್ತಮುತ್ತ ಜಗತ್ತಿನಲ್ಲೇ ಅತಿ ದಟ್ಟವಾದ ದತ್ತಾಂಶ ಕೇಂದ್ರಗಳ ಸಾಲಿದೆ. 1959ರಲ್ಲಿ ಆರಂಭವಾದ ಉತ್ತರ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಸಿಸ್ಕೊ ಸೇರಿದಂತೆ ಅನೇಕ ಸಂಸ್ಥೆಗಳಿವೆ. ವೈರ್‌ಶಾರ್ಕ್‌ನಂಥ ಉಚಿತ ಉಪಕರಣವನ್ನು ಮನೆಯ ಸ್ವಂತ ಜಾಲದಲ್ಲಿ ಬಳಸಿ ಕಲಿಯುವುದು ಒಳ್ಳೆಯ ಆರಂಭ. ಅದರ ಜೊತೆಗೆ, ಕಂಡದ್ದನ್ನು ನಾಲ್ಕು ಸಾಲುಗಳಲ್ಲಿ ನ್ಯಾಯವಾಗಿ ಬರೆಯುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬೇಕು. ಪ್ರಮಾಣಪತ್ರಗಳ ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಕಚೇರಿಯಲ್ಲಿ ಬೆಲೆ ಇರುವುದು ಅದಕ್ಕೇ.

ಬೇರೆ ಯಾವುದೇ ಕೆಲಸಕ್ಕೆ ಬರುವವರೂ ಮೊದಲ ದಿನ ಸಹಿ ಹಾಕಿಸಿಕೊಳ್ಳುವ ಕಂಪ್ಯೂಟರ್ ಬಳಕೆಯ ನಿಯಮಾವಳಿಯನ್ನು ಓದದೆ ಸಹಿ ಹಾಕಬಾರದು. ಯಂತ್ರ ಕಂಪನಿಯದು, ಅದರ ಮೇಲೆ ನಿಗಾ ಇರುತ್ತದೆ ಎಂದು ಅದರಲ್ಲಿ ಸಾಮಾನ್ಯವಾಗಿ ಸ್ಪಷ್ಟವಾಗಿ ಬರೆದಿರುತ್ತದೆ. ಮನೆಯಿಂದ ಕೆಲಸ ಮಾಡುವವರು ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಜೋಡಿಸಿದಾಗ, ಅನೇಕ ಕಂಪನಿಗಳ ವ್ಯವಸ್ಥೆಯಲ್ಲಿ ಯಂತ್ರದ ಇಡೀ ದಟ್ಟಣೆ ಕಚೇರಿಯ ಮೂಲಕವೇ ಹಾದುಹೋಗುತ್ತದೆ. ಆಶ್‌ಬರ್ನ್‌ನ ಮನೆಯಲ್ಲಿ ಕುಳಿತು ನೋಡಿದ ಪಂದ್ಯ ಅಟ್ಲಾಂಟಾದ ಸರ್ವರ್ ಕೋಣೆಗೆ ಹೋಗಿ ಅಲ್ಲಿಂದ ಮರಳಿ ಬಂದಿರಬಹುದು. ಮನೆಯ ಅಂತರ್ಜಾಲಕ್ಕೆ ನಾವೇ ದುಡ್ಡು ಕೊಡುತ್ತೇವಲ್ಲ ಎಂಬ ವಾದ ಆಗ ನಿಲ್ಲುವುದಿಲ್ಲ. ಕದ್ದು ತೋರಿಸುವ ತಾಣಗಳ ಗೊಡವೆಯಂತೂ ಕಚೇರಿಯ ಯಂತ್ರದಲ್ಲಿ ಬೇಡವೇ ಬೇಡ. ಅಲ್ಲಿಂದ ಹುಳು ಹತ್ತಿದರೆ ಜಾಡು ನೇರವಾಗಿ ನಿಮ್ಮ ಮೇಜಿಗೆ ಬರುತ್ತದೆ. ಸ್ವಂತ ಮೊಬೈಲ್, ಸ್ವಂತ ಡೇಟಾ, ಊಟದ ಬಿಡುವು. ಪಂದ್ಯಕ್ಕೆ ಇಷ್ಟು ಸಾಕು. ಸ್ಕೋರ್ ಮಾತ್ರ ಸಾಕೆನ್ನುವವರಿಗೆ ಅಕ್ಷರಗಳ ಅಂಕಪಟ್ಟಿ ವಿಡಿಯೊದ ಸಾವಿರದ ಒಂದು ಪಾಲಿಗಿಂತ ಕಡಿಮೆ ಜಾಗ ಬೇಡುತ್ತದೆ.

ಊರಿನಲ್ಲಿರುವ ತಂದೆತಾಯಿಯರಿಗೂ ಒಂದು ಮಾತು. ನಿಮ್ಮ ರಾತ್ರಿ ಎಂಟೂವರೆ ಮಗಳ ಅಥವಾ ಮಗನ ಬೆಳಗಿನ ಹನ್ನೊಂದು; ಚಳಿಗಾಲದಲ್ಲಿ ಹತ್ತು. ಆ ಹೊತ್ತಿನಲ್ಲಿ ವಿಡಿಯೊ ಕರೆ ಎತ್ತಲಿಲ್ಲವೆಂದರೆ ಅಕ್ಕರೆ ಕಡಿಮೆಯಾಯಿತೆಂದು ಅರ್ಥ ಮಾಡಬೇಡಿ. ನಿಮ್ಮ ಬೆಳಗಿನ ಆರು, ಏಳು ಗಂಟೆಗೆ ಇಲ್ಲಿ ಹಿಂದಿನ ದಿನದ ರಾತ್ರಿ. ಮನೆಯ ಜಾಲದಲ್ಲಿ ಮೊಮ್ಮಗುವಿನ ಮುಖವನ್ನು ಬೇಕಾದಷ್ಟು ಹೊತ್ತು ನೋಡಬಹುದು.

ಕಾವೇರಿ, ನೃಪತುಂಗ, ಸಂಪಿಗೆ ಎಂದು ಈ ಮೂರು ಸೀಮೆಗಳ ಕನ್ನಡಿಗರು ತಮ್ಮ ಕೂಟಗಳಿಗೆ ಹೆಸರಿಟ್ಟುಕೊಂಡಿದ್ದಾರೆ. ಅಲ್ಲಿ ಸೇರುವವರಲ್ಲಿ ತೂಬಿನ ಬಳಿ ನಿಂತವರೂ ಇದ್ದಾರೆ, ಗದ್ದೆಗೆ ನೀರು ಬೇಡುವವರೂ ಇದ್ದಾರೆ. ತೂಬಿನ ಬಳಿಯವರು ಬದುವಿನವರೆಗೂ ನಡೆದು ನೋಡದೆ ಯಾರ ಹೆಸರನ್ನೂ ಎತ್ತದಿರಲಿ. ಗದ್ದೆಯವರು ತಮ್ಮ ಸರದಿಯಲ್ಲದ ಹೊತ್ತಿನಲ್ಲಿ ಮಡೆ ತೆರೆಯದಿರಲಿ. ಅರವತ್ತು ದಿನಗಳ ಲೆಕ್ಕದಲ್ಲಿ ಬದುಕು ಕಟ್ಟುವವರಿಗೆ ಈ ಎರಡು ಶಿಸ್ತುಗಳೂ ಬೇಕು.